ಕನ್ನಡ ಗ್ರಂಥಕರ್ತೃನಾಮಗಳು ಮತ್ತು ಗ್ರಂಥಾಲಯ ಸೂಚಿ: ಸೂಚೀಕರಣ ಹಾಗೂ ವರ್ಗೀಕರಣ ತತ್ತ್ವಗಳ ಕೆಲವು ಪ್ರಶ್ನೆಗಳು

ಗ್ರಂಥಾಲಯದಲ್ಲಿ ಪುಸ್ತಕವಿರುವುದು ಬೇರೆ, ಅದು ಓದುಗನ ಕೈಗೆ ದೊರೆಯುವುದು ಬೇರೆ. ಕಪಾಟಿನಲ್ಲಿದ್ದೂ ಸೂಚಿಯಲ್ಲಿ ಸಿಗದ ಪುಸ್ತಕ ಆ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕಕ್ಕೆ ಸಮಾನವೇ ಆಗಿದೆ. ಸೂಚೀಕರಣ ಮತ್ತು ವರ್ಗೀಕರಣಗಳ ನಿಯಮಗಳೆಲ್ಲವೂ ಈ ಅಂತರವನ್ನು ಕಡಿಮೆಮಾಡುವ ಸಲುವಾಗಿಯೇ ರೂಪುಗೊಂಡವು. ಆ ನಿಯಮಗಳು ಬಹುಮಟ್ಟಿಗೆ ಪಾಶ್ಚಾತ್ಯ ಗ್ರಂಥಾಲಯಗಳ ಅನುಭವದಿಂದ ಬಂದವು. ಕನ್ನಡ ಪುಸ್ತಕಗಳಿಗೆ ಅವನ್ನು ಅನ್ವಯಿಸುವಾಗ ತೊಡಕುಂಟಾಗುವುದು ನಿಯಮದ ತತ್ತ್ವದಲ್ಲಲ್ಲ, ಕನ್ನಡದ ಹೆಸರುಗಳಲ್ಲಿ ಮತ್ತು ಕನ್ನಡ ಸಾಹಿತ್ಯದ ಸ್ವರೂಪದಲ್ಲಿ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1876ನೆಯ ವರ್ಷ ಈ ಶಾಸ್ತ್ರದ ಇತಿಹಾಸದಲ್ಲಿ ಮುಖ್ಯವಾದುದು. ಮೆಲ್ವಿಲ್ ಡ್ಯೂಯಿಯ ದಶಮಾಂಶ ವರ್ಗೀಕರಣವೂ ಚಾರ್ಲ್ಸ್ ಕಟರನ ನಿಘಂಟು ಸೂಚಿಯ ನಿಯಮಗಳೂ ಅದೇ ವರ್ಷ ಪ್ರಕಟವಾದವು. ಸೂಚಿಯ ಉದ್ದೇಶವನ್ನು ಕಟರ್ ಮೂರು ಬಗೆಯಾಗಿ ಹೇಳಿದನು. ಕರ್ತೃ, ಶೀರ್ಷಿಕೆ ಅಥವಾ ವಿಷಯ ತಿಳಿದಿರುವ ಪುಸ್ತಕವನ್ನು ಕಂಡುಹಿಡಿಯಲು ಅದು ನೆರವಾಗಬೇಕು. ಒಬ್ಬ ಕರ್ತೃವಿನ, ಒಂದು ವಿಷಯದ, ಒಂದು ಸಾಹಿತ್ಯಪ್ರಕಾರದ ಯಾವ ಯಾವ ಪುಸ್ತಕಗಳು ಗ್ರಂಥಾಲಯದಲ್ಲಿವೆ ಎಂಬುದನ್ನು ಒಂದೆಡೆ ತೋರಿಸಬೇಕು. ಆವೃತ್ತಿಗಳ ನಡುವೆ ಆಯ್ಕೆಗೆ ಸಹಾಯಕವಾಗಬೇಕು. ಇವುಗಳಲ್ಲಿ ಎರಡನೆಯದೇ ಕಠಿನವಾದುದು. ಒಂದೇ ಪುಸ್ತಕವನ್ನು ಹುಡುಕಿಕೊಡುವುದಕ್ಕೆ ಒಂದು ಪಟ್ಟಿ ಸಾಕು; ಒಬ್ಬ ಕರ್ತೃವಿನ ಎಲ್ಲ ಕೃತಿಗಳನ್ನು ಒಂದೆಡೆ ಸೇರಿಸಲು ಮಾತ್ರ ಆ ಕರ್ತೃವಿನ ಹೆಸರು ಸೂಚಿಯಲ್ಲಿ ಒಂದೇ ರೂಪದಲ್ಲಿ, ಒಂದೇ ಸ್ಥಳದಲ್ಲಿ ನಿಲ್ಲಬೇಕಾಗುತ್ತದೆ. ಹೆಸರಿನ ಯಾವ ಭಾಗ ಮೊದಲು ನಿಂತು ಅಕ್ಷರಾನುಕ್ರಮದಲ್ಲಿ ಅದರ ಸ್ಥಾನವನ್ನು ನಿರ್ಧರಿಸುತ್ತದೆಯೋ ಅದನ್ನು ಇಲ್ಲಿ ‘ಪ್ರವೇಶಪದ’ ಎಂದು ಕರೆಯಲಾಗಿದೆ.

ಹೆಸರಿನ ಪ್ರಶ್ನೆ

1961ರಲ್ಲಿ ಪ್ಯಾರಿಸ್ ನಗರದಲ್ಲಿ 53 ದೇಶಗಳ ಪ್ರತಿನಿಧಿಗಳು ಸೇರಿ ಸೂಚೀಕರಣದ ಸಾಮಾನ್ಯ ತತ್ತ್ವಗಳನ್ನು ಅಂಗೀಕರಿಸಿದರು. ಹಲವು ಪದಗಳುಳ್ಳ ಹೆಸರಿನಲ್ಲಿ ಪ್ರವೇಶಪದ ಯಾವುದೆಂಬುದನ್ನು ಕರ್ತೃವಿನ ದೇಶದಲ್ಲಿ ಒಪ್ಪಿತವಾದ ಬಳಕೆಯಿಂದ ತಿಳಿಯಬೇಕು, ಅದು ಸಾಧ್ಯವಿಲ್ಲದಿದ್ದಲ್ಲಿ ಅವನು ಸಾಮಾನ್ಯವಾಗಿ ಬಳಸುವ ಭಾಷೆಯ ರೂಢಿಯಿಂದ ತಿಳಿಯಬೇಕು ಎಂಬುದು ಆ ತತ್ತ್ವಗಳಲ್ಲೊಂದು. ನೋಡಲು ಇದು ನ್ಯಾಯವಾದ ಮಾತೇ. ಆದರೆ ಭಾರತಕ್ಕೆ ಒಂದು ದೇಶರೂಢಿ ಇಲ್ಲವೆಂಬುದು ಸ್ಪಷ್ಟವಿದೆ. ಕನ್ನಡಕ್ಕೆ ಒಂದು ಭಾಷಾರೂಢಿಯೂ ಇಲ್ಲ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ.

ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನಲ್ಲಿ ಊರು ಮೊದಲು, ತಂದೆಯ ಹೆಸರು ಅನಂತರ, ಅಂಕಿತನಾಮ ಕೊನೆಗೆ ಬರುತ್ತದೆ. ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ ಎಂಬಲ್ಲಿ ಅಂಕಿತನಾಮ ಮೊದಲು, ತಂದೆಯ ಹೆಸರು ನಡುವೆ, ಊರು ಕೊನೆಗೆ. ಎರಡೂ ಕನ್ನಡದ ಹೆಸರುಗಳೇ, ಎರಡರಲ್ಲಿಯೂ ಇರುವ ಅಂಗಗಳು ಅವೇ ಮೂರು. ಕ್ರಮ ಮಾತ್ರ ತಿರುವುಮುರುವು. ಹಳೆಯ ಮೈಸೂರು ಪ್ರಾಂತದಲ್ಲಿ ಊರಿನ ಹೆಸರು ಆದ್ಯಕ್ಷರವಾಗಿ ಕುಗ್ಗುತ್ತದೆ, ಉತ್ತರ ಕರ್ನಾಟಕದಲ್ಲಿ ಅದೇ ಮನೆತನದ ಹೆಸರಾಗಿ ನಿಲ್ಲುತ್ತದೆ. ಆದುದರಿಂದ ‘ಕಲಬುರ್ಗಿ’ ಪ್ರವೇಶಪದವಾಗಬೇಕಾದುದು ಎಷ್ಟು ಸಹಜವೋ ‘ಕುಪ್ಪಳ್ಳಿ’ ಆಗಬಾರದೆಂಬುದೂ ಅಷ್ಟೇ ಸಹಜ. ಭಾಷೆಯನ್ನು ಆಧಾರವಾಗಿಟ್ಟುಕೊಂಡ ನಿಯಮ ಇಲ್ಲಿ ಏನನ್ನೂ ಹೇಳಲಾರದು.

1978ರಲ್ಲಿ ಪ್ರಕಟವಾದ ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳ ಎರಡನೆಯ ಆವೃತ್ತಿ ಕನ್ನಡ, ತಮಿಳು, ತೆಲುಗು, ಮಲಯಾಳ ಹೆಸರುಗಳಿಗೆ ಪ್ರತ್ಯೇಕ ವಿಧಿಯನ್ನೇ ಕೊಟ್ಟಿತು. ಹೆಸರಿನಲ್ಲಿ ಮನೆತನದ ಹೆಸರಾಗಲಿ, ವ್ಯಕ್ತಿಯೋ ಕುಟುಂಬವೋ ಹಾಗೆಂದು ಬಳಸಿದ ಪದವಾಗಲಿ ಇಲ್ಲದಿದ್ದರೆ ಅಂಕಿತನಾಮದ ಕೆಳಗೆ ನಮೂದಿಸಬೇಕೆಂಬುದು ಅದರ ಸಾರ. ಹೆಸರಿನ ಹಿಂದೆ ಊರೂ ಮುಂದೆ ಜಾತಿಸೂಚಕ ಪದವೂ ಇರಬಹುದೆಂಬ ಎಚ್ಚರಿಕೆಯೂ ಅಲ್ಲಿದೆ. ಅದರಂತೆ ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿಯವರು ‘ಅನಂತಮೂರ್ತಿ’ ಎಂಬಲ್ಲಿಯೂ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ‘ಬೇಂದ್ರೆ’ ಎಂಬಲ್ಲಿಯೂ ಬರುತ್ತಾರೆ; ಯಾರಿಗೂ ಆಕ್ಷೇಪವಿರಲಾರದು. ಆದರೆ ನಿಯಮವು ನಿರ್ಣಯವನ್ನು ಸೂಚೀಕಾರನ ತಿಳಿವಳಿಕೆಗೆ ಬಿಟ್ಟುಕೊಡುತ್ತದೆ. ಕೊನೆಯ ಪದ ಮನೆತನದ ಹೆಸರೋ ಜಾತಿಸೂಚಕವೋ ಎಂಬುದನ್ನು ತಿಳಿಯಲು ಶೀರ್ಷಿಕೆ ಪುಟ ಸಾಕಾಗುವುದಿಲ್ಲ, ಆ ಪ್ರದೇಶದ ರೂಢಿ ತಿಳಿದಿರಬೇಕು.

ಕೋಟ ಶಿವರಾಮ ಕಾರಂತರ ಹೆಸರು ಇದಕ್ಕೆ ಒಳ್ಳೆಯ ನಿದರ್ಶನ. ‘ಕಾರಂತ’ ಎಂಬುದನ್ನು ಜಾತಿಸೂಚಕವೆಂದು ಎಣಿಸಿದರೆ ‘ಶಿವರಾಮ ಕಾರಂತ, ಕೋಟ’ ಎಂದಾಗುತ್ತದೆ. ಮನೆತನದ ಹೆಸರೆಂದು ಎಣಿಸಿದರೆ ‘ಕಾರಂತ, ಕೋಟ ಶಿವರಾಮ’ ಎಂದಾಗುತ್ತದೆ. ಒಂದು ‘ಶ’ಕಾರದಲ್ಲಿ, ಇನ್ನೊಂದು ‘ಕ’ಕಾರದಲ್ಲಿ. ಕಾರಂತರು 40ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದವರು. ಅವರ ‘ಬಾಲಪ್ರಪಂಚ’ ವಿಶ್ವಕೋಶಗಳ ನಡುವೆ, ‘ಯಕ್ಷಗಾನ ಬಯಲಾಟ’ ರಂಗಕಲೆಗಳ ನಡುವೆ, ‘ವಿಜ್ಞಾನ ಪ್ರಪಂಚ’ ವಿಜ್ಞಾನದ ಕಪಾಟಿನಲ್ಲಿ ಕುಳಿತಿರುತ್ತವೆ. ವರ್ಗೀಕರಣ ಇವನ್ನು ಚದುರಿಸುವುದು ತಪ್ಪಲ್ಲ, ಅದು ವರ್ಗೀಕರಣದ ಧರ್ಮ. ಹೀಗೆ ಚದುರಿದುದನ್ನು ಮತ್ತೆ ಒಂದೆಡೆ ತರಬಲ್ಲ ಸ್ಥಳ ಸೂಚಿಯ ಕರ್ತೃನಾಮವೊಂದೇ. ಆ ಹೆಸರೇ ಎರಡು ಕಡೆ ಒಡೆದುಹೋದರೆ ಸೇರಿಸುವ ಬೇರೆ ಉಪಾಯವಿಲ್ಲ. ಕರಾವಳಿಯ ರೂಢಿಯನ್ನು ಮನ್ನಿಸಿ ‘ಕಾರಂತ’ ಎಂಬುದನ್ನೇ ಪ್ರವೇಶಪದವಾಗಿ ಹಿಡಿಯುವುದು ಯುಕ್ತವೆಂದು ನನ್ನ ಅಭಿಪ್ರಾಯ. ಓದುಗರು ಕೇಳುವುದೂ ಆ ಹೆಸರಿನಿಂದಲೇ.

ಓದುಗ ಎಲ್ಲಿ ಹುಡುಕುತ್ತಾನೆ ಎಂಬ ಈ ಪ್ರಶ್ನೆಯನ್ನು ಶಾಸ್ತ್ರದ ನಡುವೆ ತಂದು ನಿಲ್ಲಿಸಿದವರು ಎಸ್.ಆರ್. ರಂಗನಾಥನ್. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡ ಅವರು 1931ರಲ್ಲಿ ಪಂಚಸೂತ್ರಗಳನ್ನೂ 1933ರಲ್ಲಿ ದ್ವಿಬಿಂದು ವರ್ಗೀಕರಣವನ್ನೂ 1934ರಲ್ಲಿ ವರ್ಗೀಕೃತ ಸೂಚಿ ಸಂಹಿತೆಯನ್ನೂ ಪ್ರಕಟಿಸಿದರು. ಬೆಂಗಳೂರಿನಲ್ಲಿ 1962ರಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ನಿಧನರಾದರು. ಸೂಚಿಗೆ ಅವರು ವಿಧಿಸಿದ ಸೂತ್ರಗಳಲ್ಲಿ ಎರಡು ಇಲ್ಲಿ ಪ್ರಸ್ತುತವಾಗಿವೆ. ಸಂಲೇಖಕ್ಕೆ ಬೇಕಾದ ಮಾಹಿತಿಯನ್ನು ಶೀರ್ಷಿಕೆ ಪುಟ ಮತ್ತು ಅದರ ಪೂರಕ ಪುಟಗಳಿಂದಲೇ ಪಡೆಯಬೇಕು ಎಂಬುದು ಒಂದು. ಓದುಗರು ಅರಸಿ ಬರುವ ಸಂಭವವಿರುವ ಪದಕ್ಕೆ ಮಾತ್ರ ಸೂಚಿಯಲ್ಲಿ ಸ್ಥಾನ ಎಂಬುದು ಇನ್ನೊಂದು. ಕನ್ನಡದಲ್ಲಿ ಈ ಎರಡು ಸೂತ್ರಗಳು ಪರಸ್ಪರ ಎದುರಾಗುವ ಸಂದರ್ಭಗಳು ಅಪರೂಪವಲ್ಲ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನಲ್ಲಿ ಮೊದಲನೆಯದು ಊರು, ಕೊನೆಯದು ಜಾತಿಸೂಚಕ. ಆಂಗ್ಲೋ-ಅಮೆರಿಕನ್ ನಿಯಮದ ಅಕ್ಷರಶಃ ಪಾಲನೆಯಿಂದ ಅವರು ‘ವೆಂಕಟೇಶ ಅಯ್ಯಂಗಾರ್, ಮಾಸ್ತಿ’ ಆಗುತ್ತಾರೆ. ಆದರೆ ಕನ್ನಡಿಗರಲ್ಲಿ ‘ವೆಂಕಟೇಶ’ ಎಂದು ಹುಡುಕುವವರು ಯಾರು? ಊರಿನ ಹೆಸರೇ ವ್ಯಕ್ತಿಯ ಹೆಸರಾಗಿ ನೆಲೆಗೊಂಡ ಸಂದರ್ಭವಿದು. ವ್ಯಕ್ತಿಯು ಮನೆತನದ ಹೆಸರಿನಂತೆ ಬಳಸಿದ ಪದಕ್ಕೆ ನಿಯಮದಲ್ಲಿಯೇ ಎಡೆಯಿರುವುದರಿಂದ ‘ಮಾಸ್ತಿ’ ಎಂಬುದನ್ನು ಪ್ರವೇಶಪದವಾಗಿಸುವುದಕ್ಕೆ ಅಡ್ಡಿಯಿಲ್ಲ. ‘ಶ್ರೀನಿವಾಸ’ ಎಂಬ ಅವರ ಕಾವ್ಯನಾಮದಿಂದ ಮತ್ತು ‘ವೆಂಕಟೇಶ ಅಯ್ಯಂಗಾರ್’ ಎಂಬಲ್ಲಿಂದ ‘ಮಾಸ್ತಿ ನೋಡಿ’ ಎಂಬ ಅಡ್ಡಸೂಚನೆ ಇದ್ದರೆ ಸಾಕು.

ಕಾವ್ಯನಾಮಗಳ ವಿಷಯ ಇದಕ್ಕಿಂತ ಸುಲಭ. ಕುವೆಂಪು, ಪು.ತಿ.ನ., ತ್ರಿವೇಣಿ ಇವು ಕರ್ತೃಗಳು ಪ್ರಸಿದ್ಧರಾದ ಹೆಸರುಗಳು, ಅವನ್ನೇ ಹಿಡಿಯಬೇಕು. ಬೇಂದ್ರೆಯವರಲ್ಲಿ ಮಾತ್ರ ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮಕ್ಕಿಂತ ಸ್ವಂತ ಹೆಸರೇ ಮುಂದಾಗಿದೆ. ಡಿ.ವಿ.ಜಿ. ಎಂಬಲ್ಲಿ ಕೊನೆಯ ಅಕ್ಷರ ಅಂಕಿತನಾಮದ್ದೇ ಆಗಿರುವುದರಿಂದ ಗಣಕದ ತಂತ್ರಾಂಶವು ಅದನ್ನು ಹಿಂದುಮುಂದು ಮಾಡಿ ‘ಜಿ., ಡಿ.ವಿ.’ ಎಂದು ಜೋಡಿಸಬಲ್ಲದು. ಗೌರವಸೂಚಕಗಳನ್ನು ಬಿಡಬೇಕೆಂಬ ನಿಯಮವನ್ನು ಯಾಂತ್ರಿಕವಾಗಿ ಪಾಲಿಸುವವರು ಬಿ.ಎಂ.ಶ್ರೀ. ಅವರ ‘ಶ್ರೀ’ಯನ್ನೂ ಕತ್ತರಿಸಿಹಾಕದಂತೆ ನೋಡಿಕೊಳ್ಳಬೇಕು, ಅಲ್ಲಿ ಶ್ರೀ ಎಂಬುದು ಗೌರವಸೂಚಕವಲ್ಲ, ಶ್ರೀಕಂಠಯ್ಯನವರೇ.

ಪ್ರಾಚೀನ ಕೃತಿಗಳು: ಒಂದು ಕೃತಿ, ಹಲವು ಹೆಸರು

19ನೆಯ ಶತಮಾನದ ಮಧ್ಯಭಾಗಕ್ಕಿಂತ ಹಿಂದಿನವರನ್ನು ಅವರ ಹೆಸರಿನ ಮೊದಲ ಪದದಲ್ಲಿ ನಮೂದಿಸುವುದು ರೂಢಿ. ಪಂಪ, ರನ್ನ, ಲಕ್ಷ್ಮೀಶರಿಗೆ ಇದು ಸಲ್ಲುತ್ತದೆ. ವಚನಕಾರರಲ್ಲಿ ಬಸವ, ಬಸವಣ್ಣ, ಬಸವೇಶ್ವರ, ಬಸವರಾಜ ಎಂಬ ರೂಪಭೇದಗಳೆಲ್ಲ ಬೇರೆ ಬೇರೆ ಪ್ರಕಟಣೆಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಇದರ ಜೊತೆಗೆ ಕನ್ನಡದ ಶೀರ್ಷಿಕೆಗಳಲ್ಲಿ ಕರ್ತೃವಿನ ಹೆಸರು ಷಷ್ಠೀ ವಿಭಕ್ತಿಯನ್ನು ಹಿಡಿದು ಶೀರ್ಷಿಕೆಯೊಳಗೇ ಸೇರಿರುತ್ತದೆ. ‘ಬಸವಣ್ಣನವರ ವಚನಗಳು’ ಎಂಬಲ್ಲಿ ಕರ್ತೃವೂ ಶೀರ್ಷಿಕೆಯೂ ಒಂದೇ ಪದಪುಂಜದಲ್ಲಿವೆ. ಪುಟದ ಕೆಳಗೆ ಪ್ರತ್ಯೇಕವಾಗಿ ಕಾಣುವ ಹೆಸರು ಸಂಪಾದಕರದು. ಕನ್ನಡ ಬಾರದ ಸೂಚೀಕಾರ ಸಂಪಾದಕನನ್ನೇ ಕರ್ತೃವೆಂದು ಬರೆದುಬಿಡುವುದಕ್ಕೆ ಇದು ಕಾರಣವಾಗುತ್ತದೆ.

ವಚನ ಮತ್ತು ಕೀರ್ತನೆಗಳ ಮುದ್ರಿಕೆಗಳನ್ನೂ ಇಲ್ಲಿ ಗಮನಿಸಬೇಕು. ಗುಹೇಶ್ವರ, ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಪುರಂದರವಿಠಲ, ಕಾಗಿನೆಲೆಯ ಆದಿಕೇಶವ ಇವು ಕರ್ತೃವಿನ ಹೆಸರುಗಳಲ್ಲ, ಆದರೆ ಕರ್ತೃವನ್ನು ಗುರುತಿಸುವ ಸಾಧನಗಳು. ಪಾಶ್ಚಾತ್ಯ ನಿಯಮಗಳಲ್ಲಿ ಇವಕ್ಕೆ ಸಮಾನವಾದ ವಸ್ತು ಇಲ್ಲ. ಅಂಕಿತವನ್ನು ಕಾವ್ಯನಾಮವೆಂದು ಎಣಿಸುವುದು ತಪ್ಪು, ಕಡೆಗಣಿಸುವುದು ನಷ್ಟ. ಒಂದು ವಚನವನ್ನು ಅದರ ಅಂಕಿತದಿಂದಷ್ಟೇ ಬಲ್ಲ ಸಂಶೋಧಕನಿಗೆ ಅಂಕಿತದಿಂದ ಕರ್ತೃವಿನ ಕಡೆಗೆ ಅಡ್ಡಸೂಚನೆ ಇರಲೇಬೇಕು.

ಕೃತಿಯ ಹೆಸರು ಕರ್ತೃವಿನ ಹೆಸರಿನಷ್ಟೇ ಚಂಚಲವಾದುದು. ಪಂಪನ ‘ವಿಕ್ರಮಾರ್ಜುನ ವಿಜಯ’ವೇ ‘ಪಂಪಭಾರತ’; ರನ್ನನ ‘ಸಾಹಸಭೀಮ ವಿಜಯ’ವೇ ‘ಗದಾಯುದ್ಧ’; ‘ಕರ್ಣಾಟ ಭಾರತ ಕಥಾಮಂಜರಿ’, ‘ಕುಮಾರವ್ಯಾಸ ಭಾರತ’, ‘ಗದುಗಿನ ಭಾರತ’ ಮೂರೂ ಒಂದೇ. ‘ಗ’ಕಾರದಲ್ಲಿ ಒಂದು ಆವೃತ್ತಿಯನ್ನು ಕಂಡು ಹಿಂತಿರುಗಿದ ವಿದ್ಯಾರ್ಥಿಗೆ ‘ಕ’ಕಾರದಲ್ಲಿ ಇನ್ನೂ ಒಳ್ಳೆಯ ಪಾಠವುಳ್ಳ ಆವೃತ್ತಿ ಇದ್ದುದು ತಿಳಿಯದೆ ಹೋಗುತ್ತದೆ. ಕೃತಿಗೊಂದು ಏಕರೂಪ ಶೀರ್ಷಿಕೆಯನ್ನು ನಿಶ್ಚಯಿಸಿ ಉಳಿದವನ್ನು ಅದಕ್ಕೆ ಜೋಡಿಸುವುದೇ ಇದಕ್ಕೆ ಪರಿಹಾರ.

ಶೀರ್ಷಿಕೆ ಪುಟವನ್ನೇ ನಂಬಬೇಕೆಂಬ ರಂಗನಾಥನ್ ಸೂತ್ರದ ಮಿತಿ ಕಾಣುವುದು ‘ಕವಿರಾಜಮಾರ್ಗ’ದಲ್ಲಿ. ಕೆ.ಬಿ. ಪಾಠಕರು 1898ರಲ್ಲಿ ಅದನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಶ್ರೀವಿಜಯನೇ ಕರ್ತೃವೆಂಬ ವಾದ ಅನಂತರ ಬಲಗೊಂಡಿತು. ಪುಟದಲ್ಲಿದ್ದುದನ್ನು ಇದ್ದಂತೆ ಅನುಸರಿಸಿದರೆ ಕನ್ನಡದಲ್ಲಿ ಉಪಲಬ್ಧವಾದ ಮೊದಲ ಗ್ರಂಥವೇ ಸೂಚಿಯಲ್ಲಿ ಇಬ್ಬರು ಕರ್ತೃಗಳ ಪಾಲಾಗುತ್ತದೆ. ಕರ್ತೃತ್ವವನ್ನು ನಿರ್ಣಯಿಸುವುದು ಸೂಚೀಕಾರನ ಕೆಲಸವಲ್ಲ. ಎರಡು ಹೆಸರುಗಳಿಂದಲೂ ಕೃತಿಗೆ ದಾರಿಯಿರುವಂತೆ ನೋಡುವುದು ಅವನ ಕೆಲಸ.

‘ಶೂನ್ಯಸಂಪಾದನೆ’ಯ ಪ್ರಶ್ನೆ ಇನ್ನೂ ಗಹನವಾಗಿದೆ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರಿಂದ ಅದು ನಾಲ್ಕು ಬಾರಿ ಸಂಕಲಿತವಾಯಿತು. ಒಳಗಿರುವ ವಚನಗಳು ಅಲ್ಲಮನವು, ಬಸವಣ್ಣನವು, ಅಕ್ಕನವು. 1998ರಲ್ಲಿ ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟವು ಕೃತಿ, ಅಭಿವ್ಯಕ್ತಿ, ಪ್ರಕಟರೂಪ, ಪ್ರತಿ ಎಂಬ ನಾಲ್ಕು ಹಂತಗಳನ್ನು ಗುರುತಿಸಿತು. 2010ರಲ್ಲಿ ಬಂದ ಆರ್‌ಡಿಎ ನಿಯಮಗಳೂ 2017ರ ಗ್ರಂಥಾಲಯ ಉಲ್ಲೇಖ ಮಾದರಿಯೂ ಇದೇ ಚೌಕಟ್ಟಿನವು. ಈ ಚೌಕಟ್ಟಿನಲ್ಲಿ ಶೂನ್ಯಸಂಪಾದನೆಗಳು ಒಂದು ಕೃತಿಯ ನಾಲ್ಕು ಅಭಿವ್ಯಕ್ತಿಗಳೋ ನಾಲ್ಕು ಕೃತಿಗಳೋ? ಸಂವಾದದ ರಚನೆ, ಪ್ರಸಂಗಗಳ ಕ್ರಮ, ಸೇರ್ಪಡೆಗಳು ಇವುಗಳಲ್ಲಿ ಪ್ರತಿಯೊಬ್ಬ ಸಂಕಲನಕಾರನೂ ತನ್ನದೇ ದೃಷ್ಟಿಯನ್ನು ತೋರಿರುವುದರಿಂದ ಅವನ್ನು ಪರಸ್ಪರ ಸಂಬಂಧವುಳ್ಳ ನಾಲ್ಕು ಕೃತಿಗಳೆಂದು ಗಣಿಸುವುದು ಸೂಕ್ತ. ಕೇವಲ ‘ಶೂನ್ಯಸಂಪಾದನೆ’ ಎಂದು ಬರೆದ ಸಂಲೇಖ ಯಾವ ಪಾಠವನ್ನು ಸೂಚಿಸುತ್ತದೆಯೆಂಬುದು ತಿಳಿಯದೆ ಸಂಶೋಧಕನ ಕಾಲವನ್ನು ವ್ಯರ್ಥಗೊಳಿಸುತ್ತದೆ.

ವರ್ಗೀಕರಣ

ಡ್ಯೂಯಿ ಪದ್ಧತಿಯಲ್ಲಿ ಇಂಗ್ಲಿಷ್ ಕಾದಂಬರಿಗೆ 823 ಎಂಬ ಮೂರು ಅಂಕಗಳು ಸಾಕು. ಕನ್ನಡ ಕಾದಂಬರಿಗೆ 894.8143 ಬೇಕು. ದ್ರಾವಿಡ ಭಾಷೆಗಳು ‘ಇತರ ಭಾಷೆ’ಗಳ ಗುಂಪಿನಲ್ಲಿ ಸೇರಿರುವುದೇ ಇದಕ್ಕೆ ಕಾರಣ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯದಲ್ಲಿ ಸಾಹಿತ್ಯದ ಕಪಾಟುಗಳ ಬಹುಪಾಲು ಬೆನ್ನುಗಳ ಮೇಲೆ 894.814 ಎಂದೇ ಬರೆದಿದ್ದರೆ ಆ ಆರು ಅಂಕಗಳು ಯಾವುದನ್ನೂ ವಿಂಗಡಿಸುತ್ತಿಲ್ಲ ಎಂದೇ ಅರ್ಥ. ಸ್ಥಳೀಯ ಭಾಷೆಗೆ ಮೊದಲ ಸ್ಥಾನವನ್ನೂ ಚಿಕ್ಕ ಅಂಕವನ್ನೂ ಕೊಡುವ ಅವಕಾಶ ಡ್ಯೂಯಿ ಪದ್ಧತಿಯಲ್ಲಿಯೇ ಇದೆಯೆಂಬುದನ್ನು ಇಲ್ಲಿ ನೆನಪಿಸಬೇಕು.

ರಂಗನಾಥನ್ ಈ ಅಸಮತೆಯನ್ನು ಬೇರಿನಲ್ಲಿಯೇ ನಿವಾರಿಸಲು ಯತ್ನಿಸಿದರು. ದ್ವಿಬಿಂದು ಪದ್ಧತಿಯಲ್ಲಿ ಸಾಹಿತ್ಯಕ್ಕೆ ಭಾಷೆ, ಪ್ರಕಾರ, ಕರ್ತೃ, ಕೃತಿ ಎಂಬ ನಾಲ್ಕು ಮುಖಗಳು. ಗ್ರಂಥಾಲಯದ ಆದ್ಯತೆಯ ಭಾಷೆಯ ಅಂಕಕ್ಕೆ ಬದಲಾಗಿ ಒಂದು ಅಡ್ಡಗೆರೆ ಹಾಕಿದರೆ ಸಾಕು. ಕರ್ತೃವನ್ನು ಸೂಚಿಸಲು ಹೆಸರಿನ ಬದಲು ಜನ್ಮವರ್ಷವನ್ನು ಬಳಸಿರುವುದು ಇಲ್ಲಿನ ವೈಶಿಷ್ಟ್ಯ. 1800ರ ಶತಮಾನಕ್ಕೆ ‘ಎಂ’, 1900ರದಕ್ಕೆ ‘ಎನ್’. ಹಾಗಾಗಿ 1896ರಲ್ಲಿ ಜನಿಸಿದ ಬೇಂದ್ರೆ ‘ಎಂ96’, 1902ರ ಕಾರಂತ ‘ಎನ್02’, 1904ರ ಕುವೆಂಪು ‘ಎನ್04’. ಕಾವ್ಯದ ಕಪಾಟಿನ ಮುಂದೆ ನಡೆದರೆ ಸಾಹಿತ್ಯಚರಿತ್ರೆಯ ಕ್ರಮವೇ ಕಣ್ಣಿಗೆ ಕಾಣಬೇಕೆಂಬುದು ಇದರ ಆಶಯ. ಆರ್. ನರಸಿಂಹಾಚಾರ್ಯರು 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ‘ಕರ್ಣಾಟಕ ಕವಿಚರಿತೆ’ಯೂ ಕವಿಗಳನ್ನು ಕಾಲಕ್ರಮದಲ್ಲಿ ನಿಲ್ಲಿಸಿದ ಗ್ರಂಥವೇ.

ಆದರೆ ಕವಿಚರಿತೆಯ ಪುಟಗಳೇ ತೋರುವಂತೆ ಕನ್ನಡ ಕವಿಗಳ ಕಾಲ ಜನ್ಮಪತ್ರಿಕೆಯಿಂದ ತಿಳಿದುದಲ್ಲ. ಪಂಪನು ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದುದನ್ನು ಹೇಳಿಕೊಂಡಿರುವುದರಿಂದ ಕ್ರಿ.ಶ. 902 ಎಂದು ಲೆಕ್ಕಹಾಕಬಹುದು. ಕುಮಾರವ್ಯಾಸನಿಗೆ ಅಂತಹ ಆಧಾರವಿಲ್ಲ. ಶತಮಾನದ ಬಗೆಗೇ ಚರ್ಚೆ ನಡೆದಿದೆ. ವರ್ಷ ತಿಳಿಯದೆಡೆ ಶತಮಾನದ ಅಕ್ಷರಕ್ಕೆ ನಿಲ್ಲಬಹುದು, ಇಲ್ಲವೇ ಹೆಸರಿನ ಆದ್ಯಕ್ಷರವನ್ನು ಬಳಸಬಹುದು. ಕಾಲನಿರ್ಣಯ ಬದಲಾದಾಗಲೆಲ್ಲ ಪುಸ್ತಕದ ಬೆನ್ನಿನ ಅಂಕವನ್ನು ಬದಲಿಸುವುದು ಮಾತ್ರ ಆಗದ ಕೆಲಸ. ಹಳಗನ್ನಡ ಮತ್ತು ನಡುಗನ್ನಡ ಕವಿಗಳಿಗೆ ಒಮ್ಮೆ ನಿಶ್ಚಯಿಸಿದ ಅಂಕ ಗುರುತಷ್ಟೇ ಹೊರತು ಕಾಲನಿರ್ಣಯವಲ್ಲವೆಂದು ಒಪ್ಪಿಕೊಂಡು ಮುಂದುವರಿಯುವುದು ಒಳಿತು.

ವಚನಗಳನ್ನು ಸಾಹಿತ್ಯದಲ್ಲಿಡಬೇಕೋ ಧರ್ಮದಲ್ಲಿಡಬೇಕೋ ಎಂಬ ಪ್ರಶ್ನೆಗೆ ಗ್ರಂಥಾಲಯಗಳು ಭಿನ್ನ ಉತ್ತರ ಕೊಡುತ್ತ ಬಂದಿರುವುದು ಸಹಜ. ಪುಸ್ತಕಕ್ಕೆ ಕಪಾಟಿನಲ್ಲಿ ಒಂದೇ ಸ್ಥಳ. ಮೂಲ ವಚನಗಳ ಆವೃತ್ತಿಗಳನ್ನು ಕನ್ನಡ ಸಾಹಿತ್ಯದಲ್ಲಿಯೂ ಷಟ್‌ಸ್ಥಲ ಮುಂತಾದ ತತ್ತ್ವವಿವೇಚನೆಯನ್ನು ಧರ್ಮ-ದರ್ಶನದಲ್ಲಿಯೂ ಇಡುವುದು ವ್ಯವಹಾರಸಾಧ್ಯವಾದ ಮಾರ್ಗ. ಯಾವ ಮಾರ್ಗ ಹಿಡಿದರೂ ಸೂಚಿಯಲ್ಲಿ ಎರಡು ವಿಷಯಗಳ ಕೆಳಗೂ ಸಂಲೇಖವಿರತಕ್ಕದ್ದು.

ಲಿಪಿ, ಅಕ್ಷರಕ್ರಮ ಮತ್ತು ಪ್ರಮಾಣಿತ ನಾಮಸೂಚಿ

ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯು 1950ರ ದಶಕದ ಕೊನೆಯಲ್ಲಿ ಆರಂಭವಾದಾಗ ಎಲ್ಲ ಭಾಷೆಗಳ ಪುಸ್ತಕಗಳನ್ನೂ ರೋಮನ್ ಲಿಪಿಯಲ್ಲಿ ನಮೂದಿಸಿತು. ಒಂದೇ ಅನುಕ್ರಮ ದೊರೆಯಿತೆಂಬುದು ಲಾಭ. ಸ್ವರಚಿಹ್ನೆಗಳುಳ್ಳ ಲಿಪ್ಯಂತರದಲ್ಲಿ ನಷ್ಟವೇನೂ ಇಲ್ಲ. 2001ರ ಐಎಸ್‌ಒ 15919 ಅಂತಹುದೇ ಮಾನಕ. ಆದರೆ ಕಾರ್ಡುಗಳನ್ನು ಗಣಕಕ್ಕೆ ಏರಿಸುವಾಗ ಚಿಹ್ನೆಗಳನ್ನು ಬಿಟ್ಟುಬಿಟ್ಟ ಗ್ರಂಥಾಲಯಗಳಲ್ಲಿ ಕಲೆ, ಕಳೆ, ಕಾಳೆ ಮೂರೂ ಒಂದೇ ಅಕ್ಷರಸಾಲಾದವು. ಭೈರಪ್ಪನವರ ಹೆಸರನ್ನು ಎಷ್ಟು ಬಗೆಯ ರೋಮನ್ ಕಾಗುಣಿತದಲ್ಲಿ ಬರೆಯಬಹುದೋ ಅಷ್ಟು ಕಡೆ ಅವರ ಕಾದಂಬರಿಗಳು ಹಂಚಿಹೋಗುತ್ತವೆ.

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕೋಹಾದಂತಹ ಮುಕ್ತ ತಂತ್ರಾಂಶಗಳಲ್ಲಿ ಇಂದು ಸೂಚಿಯನ್ನು ಕನ್ನಡ ಲಿಪಿಯಲ್ಲಿಯೇ ರಚಿಸಬಹುದು, ಮಾರ್ಕ್ ಸಂಲೇಖದ 880ನೆಯ ಕ್ಷೇತ್ರದಲ್ಲಿ ಮೂಲಲಿಪಿಯನ್ನೂ ರೋಮನ್ ರೂಪವನ್ನೂ ಜೊತೆಗೂಡಿಸಬಹುದು. ಆದರೂ ತೊಡಕುಗಳು ಮುಗಿದಿಲ್ಲ. ‘ಷಟ್‌ಸ್ಥಲ’ ಎಂದು ಬಿಡಿಸಿ ಬರೆದುದರಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವಿದೆ, ‘ಷಟ್ಸ್ಥಲ’ ಎಂಬುದರಲ್ಲಿ ಇಲ್ಲ. ಓದುಗನಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಅರ್ಕಾವೊತ್ತಿನಿಂದ ಬರೆದ ಮತ್ತು ಹಾಗೆ ಬರೆಯದ ‘ಸರ್ವಜ್ಞ’ನ ಗತಿಯೂ ಇದೇ. ‘ಕ್ಷ’ವನ್ನು ಕಕಾರದ ಒತ್ತಕ್ಷರವೆಂದು ಎಣಿಸಬೇಕೋ ವರ್ಣಮಾಲೆಯ ಕೊನೆಯಲ್ಲಿಡಬೇಕೋ, ಅನುಸ್ವಾರಕ್ಕೆ ಯಾವ ಸ್ಥಾನ ಎಂಬುದನ್ನು ಪ್ರತಿ ಗ್ರಂಥಾಲಯವೂ ಬರೆದಿಟ್ಟುಕೊಳ್ಳಬೇಕು. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಿದ್ದಾರೆ. ಆ ವ್ಯವಸ್ಥೆಯೂ ಒಂದು ಬಗೆಯ ಅಡ್ಡಸೂಚನೆಯೇ.

ಈ ಎಲ್ಲ ನಿರ್ಣಯಗಳನ್ನು ಒಂದೊಂದು ಗ್ರಂಥಾಲಯ ಒಂದೊಂದು ರೀತಿ ಮಾಡುತ್ತ ಹೋಗುವವರೆಗೆ ಅವುಗಳ ಸೂಚಿಗಳನ್ನು ಒಂದುಗೂಡಿಸಲಾಗದು. ಬೇಕಾಗಿರುವುದು ಕನ್ನಡ ಕರ್ತೃಗಳ ಮತ್ತು ಪ್ರಾಚೀನ ಕೃತಿಗಳ ಒಂದು ಪ್ರಮಾಣಿತ ನಾಮಸೂಚಿ. ಅದರಲ್ಲಿ ಪ್ರತಿಯೊಬ್ಬ ಕರ್ತೃವಿಗೆ ಒಪ್ಪಿತವಾದ ಕನ್ನಡ ರೂಪ, ಪ್ರವೇಶಪದ, ವಿಸ್ತೃತ ಹೆಸರು, ಕಾವ್ಯನಾಮ ಅಥವಾ ಅಂಕಿತ, ಜನನ-ಮರಣ ವರ್ಷಗಳು, ಮಾನಕ ಲಿಪ್ಯಂತರ, ತಿರಸ್ಕೃತ ರೂಪಗಳು ಮತ್ತು ನಿರ್ಣಯಕ್ಕೆ ಆಧಾರ ಇಷ್ಟು ಇರಬೇಕು. ಹಲವು ದೇಶಗಳ ರಾಷ್ಟ್ರೀಯ ಗ್ರಂಥಾಲಯಗಳ ಇಂತಹ ಸೂಚಿಗಳನ್ನು ಜೋಡಿಸುವ ವಿಯಾಫ್ ವ್ಯವಸ್ಥೆಯಲ್ಲಿ ಯಾವುದೇ ಒಂದು ರೂಪವನ್ನು ಎಲ್ಲರ ಮೇಲೆ ಹೇರುವುದಿಲ್ಲ. ಒಬ್ಬ ವ್ಯಕ್ತಿಗೆ ಒಂದು ಗುರುತಿನ ಸಂಖ್ಯೆ, ಅದರ ಸುತ್ತ ಎಲ್ಲ ರೂಪಗಳು. ಗ್ರಂಥಪಾಲಕರಿಗೆ ನಿಯಮದ ಅರಿವಿದೆ, ಸಾಹಿತ್ಯ ಸಂಶೋಧಕರಿಗೆ ಹೆಸರುಗಳ ಇತಿಹಾಸದ ಅರಿವಿದೆ. ಈ ಸೂಚಿಯನ್ನು ಇಬ್ಬರೂ ಕೂಡಿಯೇ ಮಾಡಬೇಕಾಗುತ್ತದೆ. ಆಧುನಿಕ ಕರ್ತೃಗಳಿಗಿಂತ ಮೊದಲು ವಚನಕಾರರು ಮತ್ತು ಕೀರ್ತನಕಾರರಿಂದ ಆರಂಭಿಸುವುದು ಉಚಿತ. ಆಧುನಿಕರ ಹೆಸರಿನ ಸಂದೇಹವನ್ನು ಅವರ ಪುಸ್ತಕಗಳಿಂದಲೇ ಬಹುಪಾಲು ಪರಿಹರಿಸಬಹುದು. ಅಂಕಿತ ಮಾತ್ರ ಉಳಿದು ಕರ್ತೃವಿನ ಹೆಸರು ತಿಳಿಯದ ವಚನಗಳಿಗೆ ಅಂಕಿತವನ್ನೇ ಪ್ರವೇಶಪದವಾಗಿ ಹಿಡಿಯಬೇಕಾಗುವುದರಿಂದ ಆ ಪಟ್ಟಿ ಸಿದ್ಧವಾಗದೆ ಉಳಿದ ಸೂಚನೆಗಳನ್ನು ಜೋಡಿಸಲಾಗದು.